ಬಜೆಟ್ಟಿನಲ್ಲಿ ನಿಮ್ಮ ಕೂಲಿ ಎಲ್ಲಿದೆ? ಓದುಗರ ಪ್ರಶ್ನೆ, ಕಲಾವಿದೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನ ವಿಷಯಕ್ಕೇ ಬಂದು ನಿಂತಿವೆ. ಬಣ್ಣ, ಕಾಗದ, ಕುಂಚದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ದುಡ್ಡಿನ ಮಾತು ಬಂದಾಗ ದನಿ ತಗ್ಗಿಸುತ್ತೇವೆ. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹಲವರು ಹೆಸರು ಬೇಡ ಎಂದಿದ್ದಾರೆ. ಅದಕ್ಕೇ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ಮೈಸೂರಿನ ಸರ್ಕಾರಿ ಚಿತ್ರಕಲಾ ಕಾಲೇಜು ಕಾವಾದಲ್ಲಿ ಪೇಂಟಿಂಗ್ ಓದಿ ಮುಗಿಸಿ ಆರು ವರ್ಷ ಆಯಿತು. ಮದುವೆ ಸೀಸನ್ನಿನಲ್ಲಿ ಮಂಟಪದ ಡೆಕೊರೇಷನ್, ಉಳಿದ ದಿನ ಶಾಲೆ ಗೋಡೆ, ಅಂಗಡಿ ಬೋರ್ಡು. ದಿನಕ್ಕೆ 900 ರೂಪಾಯಿ ಸಿಗುತ್ತದೆ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಯ ಆಸುಪಾಸಿನಲ್ಲಿ ನಿಂತುಹೋಗಿರುವ ಆಲೆಮನೆಗಳ ಚಿತ್ರ ಬರೆಯಬೇಕೆಂದು ಬಹಳ ದಿನದ ಆಸೆ. ಅನುದಾನಕ್ಕೆ ಅರ್ಜಿ ಹಾಕಲು ಒಂದು ಬಜೆಟ್ ಬರೆದಿದ್ದೇನೆ. ಕಾಗದ, ಬಣ್ಣ 18,000, ಫ್ರೇಮು 30,000, ಕ್ಯಾಟಲಾಗು 15,000, ಓಡಾಟ 6,000. ಒಟ್ಟು 69,000. ಇದು ಸರಿಯಿದೆಯಾ? ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಅರ್ಜಿಯಲ್ಲಿ ಏನೇನು ಬರೆಯಬೇಕು? (ಪಾಂಡವಪುರ)

ಉತ್ತರ: ಒಳ್ಳೆಯ ವಿಷಯ ಹಿಡಿದಿದ್ದೀರಿ. ಬಜೆಟ್ ಮಾತ್ರ ಸರಿಯಿಲ್ಲ. ಅದರಲ್ಲಿ ಕಾಗದದ ಅಂಗಡಿಗೆ ದುಡ್ಡಿದೆ, ಫ್ರೇಮ್ ಹಾಕುವವರಿಗಿದೆ, ಪ್ರೆಸ್ಸಿನವರಿಗಿದೆ, ಬಸ್ಸಿಗೂ ಇದೆ. ಚಿತ್ರ ಬರೆಯುವವರಿಗೆ ಒಂದು ರೂಪಾಯಿ ಇಲ್ಲ. ನೀವು ಆಲೆಮನೆಗಳ ನಡುವೆ ಬೆಳೆದವರು. ಕಬ್ಬು, ಡೀಸೆಲ್ಲು, ಸುಣ್ಣ ಎಲ್ಲದರ ಲೆಕ್ಕ ಬರೆದು, ಕೊಪ್ಪರಿಗೆ ಮುಂದೆ ನಿಂತು ಪಾಕದ ಹದ ನೋಡುವವನ ಕೂಲಿಯನ್ನೇ ಬಿಟ್ಟುಬಿಟ್ಟ ಯಜಮಾನರನ್ನು ಎಲ್ಲಾದರೂ ಕಂಡಿದ್ದೀರಾ?

ಹೀಗೆ ಬರೆಯುವವರು ನೀವೊಬ್ಬರೇ ಅಲ್ಲ. ನನ್ನ ಬಳಿ ಅರ್ಜಿ ತೋರಿಸಲು ಬರುವ ಹುಡುಗ ಹುಡುಗಿಯರಲ್ಲಿ ಬಹುಪಾಲು ಜನರ ಬಜೆಟ್ಟಿನಲ್ಲಿ ಆ ಸಾಲು ಇರುವುದಿಲ್ಲ. ಕೇಳಿದರೆ, ‘ನಮ್ಮ ಕೆಲಸ ನಾವು ಮಾಡಿಕೊಳ್ಳೋಕೆ ದುಡ್ಡು ಕೇಳೋದು ಚೆನ್ನಾಗಿರಲ್ಲ ಅಲ್ವಾ ಮೇಡಂ’ ಅನ್ನುತ್ತಾರೆ. ಈ ಸಂಕೋಚವನ್ನು ನಮಗೆ ಕಲಿಸಿದವರು ಇದ್ದಾರೆ. ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಸಂಸ್ಥೆಗೆ ದೊಡ್ಡ ಗೋಡೆಯೊಂದನ್ನು ಬರೆದುಕೊಟ್ಟೆ. ಬೇಸಿಗೆಯ ಬಿಸಿಲು, ಸಾರುವೆ ಮೇಲೆ ನಿಂತು ಕೆಲಸ. ಬಣ್ಣದ ಅಂಗಡಿಯ ಬಿಲ್ಲು ಪಾವತಿಯಾಯಿತು, ಸಾರುವೆ ಕಟ್ಟಿದವರ ಬಾಡಿಗೆ ಅಂದಂದೇ ಸಂದಾಯವಾಯಿತು. ಉದ್ಘಾಟನೆಯ ದಿನ ನನಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಸಂಭಾವನೆ ಕೇಳಿದ್ದಕ್ಕೆ, ‘ಇದು ಒಂದು ಸೇವೆ ಅಲ್ವಾ ಮೇಡಂ’ ಎಂದರು. ಸನ್ಮಾನ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆಯ ಯಜಮಾನರು ಶಾಲು ತೆಗೆದುಕೊಳ್ಳುವುದಿಲ್ಲ.

ಅನುದಾನದ ದುಡ್ಡಿನಿಂದ ಕಲಾವಿದರು ಕೊಳ್ಳಬೇಕಾದ ಮೊದಲ ವಸ್ತು ಸಮಯ. ನಾನು ಮರದಚ್ಚಿನ ಮುದ್ರಣ ಮಾಡುವವಳು. ಮನೆಯಲ್ಲಿ ಪ್ರೆಸ್ ಇಲ್ಲ. ಪ್ಲೈವುಡ್ ಹಲಗೆ ಕೆತ್ತಿ, ರೋಲರಿನಿಂದ ಶಾಯಿ ಹಚ್ಚಿ, ಮೇಲೆ ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜುತ್ತೇನೆ. ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಬೇಕು, ಶಾಯಿ ಹಿಡಿಯದ ಕಡೆ ಮತ್ತೆ ಉಜ್ಜಬೇಕು. ಕಾಗದ ಕೂದಲೆಳೆಯಷ್ಟು ಜರುಗಿದರೂ ಗೆರೆ ಎರಡಾಗಿ ಕಾಣುತ್ತದೆ, ಆ ಹಾಳೆ ಹೋಯಿತು. ಆಷಾಢದ ತೇವದಲ್ಲಿ ಎಣ್ಣೆ ಶಾಯಿ ಬೇಗ ಒಣಗುವುದಿಲ್ಲ. ಮೊದಲ ಬಣ್ಣ ಒಣಗುವ ತನಕ ಎರಡನೆಯದಕ್ಕೆ ಕೈ ಹಾಕುವಂತಿಲ್ಲ. ಹಜಾರದ ಉದ್ದಕ್ಕೂ ಹಗ್ಗ ಕಟ್ಟಿ ಹಾಳೆಗಳನ್ನು ಕ್ಲಿಪ್ ಹಾಕಿ ತೂಗುಬಿಟ್ಟರೆ ಮನೆಯವರು ಬಗ್ಗಿಕೊಂಡೇ ಓಡಾಡಬೇಕು. ಇದರಲ್ಲಿ ಕಾಗದ, ಶಾಯಿಯ ಖರ್ಚು ಅಂಥದ್ದೇನಲ್ಲ. ಹಿಡಿಯುವುದು ದಿನಗಳು. ನನಗೆ ಮೊದಲ ಬಾರಿ ಅನುದಾನ ಬಂದಾಗ ನಾನು ಕೊಂಡ ಸಾಮಾನು ಕಡಿಮೆ. ಸಂಜೆಯ ಡ್ರಾಯಿಂಗ್ ಕ್ಲಾಸುಗಳನ್ನು ಒಂದು ವರ್ಷ ನಿಲ್ಲಿಸಿದೆ. ಅದಕ್ಕೂ ಮುಂಚೆ ನನ್ನ ಕೆಲಸವೆಲ್ಲ ಅಂಗೈಯಗಲ. ರಾತ್ರಿ ಒಂಬತ್ತರ ಮೇಲೆ ಕೆತ್ತಬಹುದಾದದ್ದು ಅಷ್ಟೇ ಆಗಿತ್ತು. ಆ ವರ್ಷ ಬಾಗಿಲಗಲದ ಹಲಗೆಗೆ ಉಳಿ ಹಾಕಿದೆ.

ಈಗ ನಿಮ್ಮ ಲೆಕ್ಕವನ್ನು ಮತ್ತೆ ಹಾಕೋಣ. ತಿಂಗಳಿಗೆ ಹದಿನೈದು ದಿನ ಈ ಕೆಲಸಕ್ಕೆ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ 150 ದಿನ. ಈಗ ನಿಮಗೆ ಸಿಗುತ್ತಿರುವ 900 ರೂಪಾಯಿಯನ್ನೇ ಹಿಡಿದರೂ 1,35,000. ಇದನ್ನು ಬಜೆಟ್ಟಿನ ಮೊದಲ ಸಾಲಿನಲ್ಲಿ ‘ಕಲಾವಿದರ ಸಂಭಾವನೆ’ ಎಂದು ಬರೆಯಿರಿ, ಪಕ್ಕದಲ್ಲಿ ದಿನಗಳ ಲೆಕ್ಕ ಕೊಡಿ. ಫ್ರೇಮುಗಳನ್ನು ತೆಗೆದುಹಾಕಿ, ಕಾಗದದ ಮೇಲಿನ ಕೆಲಸವನ್ನು ಗೋಡೆಗೆ ಪಿನ್ ಮಾಡಿಯೂ ತೋರಿಸಬಹುದು. ಹಾಳೆ ಮಡಚದಂತೆ, ಗೆದ್ದಲು ಹತ್ತದಂತೆ ಇಡಲು ಒಂದು ಚಪ್ಪಟೆ ಪೆಟ್ಟಿಗೆ ಮಾಡಿಸಲು 4,000 ಇಡಿ. ಕ್ಯಾಟಲಾಗಿನ ಬದಲು ನಾಲ್ಕು ಪುಟದ ಮಡಿಕೆ ಹಾಳೆ, 5,000. ಮುಗಿದ ಚಿತ್ರಗಳ ಒಳ್ಳೆಯ ಫೋಟೊ ತೆಗೆಸಲು 7,000. ಇದನ್ನು ಯಾವತ್ತೂ ಮರೆಯಬೇಡಿ, ಮುಂದಿನ ಅರ್ಜಿಗೆ ಅವೇ ಆಧಾರ. ಹಾಗೆಯೇ ಆಲೆಮನೆ ನಡೆಸುತ್ತಿದ್ದವರ, ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳುಗಳ ಜೊತೆ ಕೂತು ಮಾತಾಡುತ್ತೀರಲ್ಲ, ಅವರು ಕೊಡುವ ಸಮಯಕ್ಕೂ 10,000 ಇಡಿ. ಸಾಮಗ್ರಿ, ಓಡಾಟ ನೀವು ಬರೆದಂತೆಯೇ ಇರಲಿ. ಒಟ್ಟು 1,85,000. ಈ ಮೊತ್ತ ಕಂಡು ಗಾಬರಿಯಾಗಬೇಡಿ. ದಿನಗಳ ಲೆಕ್ಕ ಇರುವ ಬಜೆಟ್ ಓದಿದವರಿಗೆ ಈ ಮನುಷ್ಯ ಕೆಲಸವನ್ನು ಮನಸ್ಸಿನಲ್ಲಿ ಒಂದು ಸಲ ಮಾಡಿ ನೋಡಿದ್ದಾನೆ ಎಂದು ಗೊತ್ತಾಗುತ್ತದೆ. ಕೆಲವು ಯೋಜನೆಗಳಲ್ಲಿ ಸಂಭಾವನೆಗೆ ಮಿತಿ ಇರುತ್ತದೆ, ನಿಯಮಾವಳಿ ಓದಿ ಅದರೊಳಗೆ ಹೊಂದಿಸಿಕೊಳ್ಳಿ. ಆದರೆ ಆ ಸಾಲನ್ನು ಸೊನ್ನೆ ಮಾಡಬೇಡಿ.

ಇಂಗ್ಲಿಷಿನ ಚಿಂತೆ ಬಿಡಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲಾವಿದರಿಗೆ, ಸಂಶೋಧಕರಿಗೆ ಅನುದಾನ ಕೊಡುತ್ತಾ ಬಂದಿದೆ. ಅಲ್ಲಿಗೆ ಭಾರತದ ಯಾವುದೇ ಭಾಷೆಯಲ್ಲಿ ಬರೆಯಬಹುದು. ಕನ್ನಡದಲ್ಲೇ ಬರೆಯಿರಿ. ‘ನಶಿಸುತ್ತಿರುವ ಗ್ರಾಮೀಣ ಸಂಸ್ಕೃತಿಯನ್ನು ದಾಖಲಿಸುವ ಕಿರುಪ್ರಯತ್ನ’ ಎಂದು ಮಾತ್ರ ಶುರುಮಾಡಬೇಡಿ. ಆ ವಾಕ್ಯದಲ್ಲಿ ನಿಮ್ಮ ಊರೂ ಇಲ್ಲ, ನೀವೂ ಇಲ್ಲ. ನಿಮ್ಮ ಪತ್ರದ ಹಿಂಬದಿಯಲ್ಲಿ, ಬಹುಶಃ ಜಾಗ ಉಳಿದಿದ್ದಕ್ಕೆ, ನೀವು ಹೀಗೆ ಬರೆದಿದ್ದೀರಿ: ‘ಒಲೆ ಆರಿ ಎಷ್ಟೋ ವರ್ಷ ಆಗಿದೆ, ಗೋಡೆಯ ಮಸಿ ಮೇಲೆ ಮಕ್ಕಳು ಬೆರಳಲ್ಲಿ ಹೆಸರು ಬರೆದಿದ್ದಾರೆ.’ ಅರ್ಜಿ ಅಲ್ಲಿಂದ ಆರಂಭವಾಗಲಿ. ಆ ಗೋಡೆಯನ್ನು ಹೇಗೆ ಬರೆಯುತ್ತೀರಿ, ಇದ್ದಿಲಿನಲ್ಲೋ ಬಣ್ಣದಲ್ಲೋ, ಯಾವ ಅಳತೆಯಲ್ಲಿ, ಯಾಕೆ ನೀವೇ ಬರೆಯಬೇಕು, ಮೊದಲು ಯಾವ ಊರಿನ ಜನಕ್ಕೆ ತೋರಿಸುತ್ತೀರಿ, ಇಷ್ಟು ಹೇಳಿದರೆ ಸಾಕು. ಜೊತೆಗೆ ಹತ್ತು ಚಿತ್ರಗಳ ಫೋಟೊ, ಪ್ರತಿಯೊಂದರ ಕೆಳಗೆ ಮಾಧ್ಯಮ, ಅಳತೆ, ವರ್ಷ.

ಪ್ರಶ್ನೆ: ನಾನು ಮನೆಯಲ್ಲೇ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುತ್ತೇನೆ. ಒಂದು ರಾಜರಾಜೇಶ್ವರಿಗೆ 25,000 ಎಂದರೆ, ‘ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಗುತ್ತೆ’ ಅನ್ನುತ್ತಾರೆ. ನಮ್ಮಂಥವರನ್ನು ಸಮಕಾಲೀನ ಕಲಾವಿದರು ಎಂದು ಯಾರೂ ಒಪ್ಪುವುದಿಲ್ಲ. ನಮಗೆ ಅನುದಾನ ಸಿಗುತ್ತದೆಯೇ? (ಕುವೆಂಪುನಗರ, ಮೈಸೂರು)

ಉತ್ತರ: ಎರಡು ಸಾವಿರಕ್ಕೆ ಸಿಗುವುದು ಅಚ್ಚು ಹೊಡೆದ ಹಾಳೆ. ಅದರ ಜೊತೆ ನಿಮ್ಮ ಚಿತ್ರವನ್ನು ಹೋಲಿಸಲು ಬಿಡಬೇಡಿ. ಕೊಳ್ಳಲು ಬಂದವರನ್ನು ಒಂದು ಸಲ ಕೂರಿಸಿ ಸಫೇದ ಎಂಬ ಬಿಳಿ ಪುಡಿ, ಗೋಂದು, ಮಕ್ಕಿ ಎಂಬ ಹಳದಿ ಅಂಟು ಸೇರಿಸಿ ಅರೆಯುವುದನ್ನು ತೋರಿಸಿ. ಅದನ್ನು ಕುಂಚದ ತುದಿಯಲ್ಲಿ ಎತ್ತಿ, ಒಡವೆಯ ಒಂದೊಂದು ಮಣಿಯನ್ನೂ ಉಬ್ಬುಗೆರೆಯಾಗಿ ಇಟ್ಟು, ಒಣಗಿದ ಮೇಲೆ ಚಿನ್ನದ ರೇಕು ಕೂರಿಸುವುದನ್ನು ನೋಡಲಿ. ತಂಜಾವೂರಿನ ಚಿತ್ರದ ಉಬ್ಬು ದಪ್ಪ, ನಮ್ಮದು ತೆಳು. ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಆ ತೆಳುವಿಗೇ ಕೈ ಪಳಗಲು ವರ್ಷಗಳು ಬೇಕು. ಬೆಲೆ ಹೇಳುವಾಗ ಚಿನ್ನದ ರೇಕಿಗೆ ಇಷ್ಟು, ಇಷ್ಟು ದಿನದ ಕೆಲಸಕ್ಕೆ ಇಷ್ಟು ಎಂದು ಚೀಟಿಯಲ್ಲಿ ಬರೆದುಕೊಡಿ. ಚೌಕಾಸಿ ಪೂರ್ತಿ ನಿಲ್ಲುವುದಿಲ್ಲ, ಆದರೆ ನಿಮ್ಮ ದಿನದ ಬೆಲೆಯನ್ನು ಕಡಿಮೆ ಮಾಡಿ ಎಂದು ಬಾಯಿಬಿಟ್ಟು ಕೇಳಲು ಜನ ಹಿಂಜರಿಯುತ್ತಾರೆ.

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ, ಗಂಜೀಫಾ ಆಟದ ಎಲೆಗಳಿಗೂ ಬೀಟೆ ಮರದ ಕುಸುರಿಗೂ ಇದೆ. ಅದು ಹೆಸರನ್ನು ಕಾಯುತ್ತದೆ, ತನ್ನಷ್ಟಕ್ಕೆ ದುಡ್ಡು ತರುವುದಿಲ್ಲ. ಅನುದಾನ ಬೇಕಾದರೆ ಇನ್ನೊಂದು ರಾಜರಾಜೇಶ್ವರಿ ಬರೆಯುತ್ತೇನೆ ಎಂದರೆ ಆಗದು. ಅದು ನಿಮ್ಮ ಜೀವನೋಪಾಯ, ಗೌರವದ ಕೆಲಸ, ಮಾಡುತ್ತಾ ಇರಿ. ಅನುದಾನಕ್ಕೆ ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಬೇಕು. ಪತ್ರದಲ್ಲಿ ನೀವೇ ಒಂದನ್ನು ಬರೆದಿದ್ದೀರಿ: ಈಗ ಅಂಗಡಿಯಲ್ಲಿ ಸಿಗುವ ಪುಡಿಯಿಂದ ಮಾಡಿದ ಉಬ್ಬು ಕೆಲವು ವರ್ಷಕ್ಕೇ ಬಿರುಕು ಬಿಡುತ್ತದೆ, ಜಗನ್ಮೋಹನ ಅರಮನೆಯ ಹಳೆಯ ಚಿತ್ರಗಳಲ್ಲಿ ಯಾಕೆ ಬಿಟ್ಟಿಲ್ಲ ಎಂದು. ಇದರ ಬೆನ್ನು ಹತ್ತಿ ಒಂದು ವರ್ಷ ಪಾಕಗಳನ್ನು ಅರೆದು, ಹಲಗೆಗಳ ಮೇಲೆ ಹಚ್ಚಿ, ಬಿಸಿಲು ಮಳೆಗೆ ಒಡ್ಡಿ ನೋಡುತ್ತೇನೆ ಎನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಸಂಕಲನ ಮಾಡಿಸಿದ ಸಚಿತ್ರ ಗ್ರಂಥ ಶ್ರೀತತ್ತ್ವನಿಧಿಯ ಚಿತ್ರಗಳನ್ನೂ ಕಣ್ಣಾರೆ ನೋಡಿ ಬನ್ನಿ. ಇಂಥ ಯೋಜನೆ ಯಾರದಕ್ಕೂ ಕಡಿಮೆಯಿಲ್ಲದಷ್ಟು ಸಮಕಾಲೀನ.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಅಧ್ಯಾಪಕ. ಸರ್ಕಾರದ ದುಡ್ಡು, ಕಂಪನಿಗಳ ದುಡ್ಡು ತೆಗೆದುಕೊಂಡ ಮೇಲೆ ಕಲಾವಿದ ಅವರ ಹಂಗಿನಲ್ಲಿ ಬೀಳುವುದಿಲ್ಲವೇ? ಹಂಗಿಲ್ಲದೆ ಬರೆದದ್ದೇ ನಿಜವಾದ ಕಲೆ ಎಂಬುದು ನನ್ನ ಅಭಿಪ್ರಾಯ. (ಸರಸ್ವತಿಪುರಂ, ಮೈಸೂರು)

ಉತ್ತರ: ಮೇಷ್ಟ್ರೇ, ನಿಮ್ಮ ಅಂಜಿಕೆಗೆ ಆಧಾರ ಇದೆ, ತಳ್ಳಿಹಾಕುವುದಿಲ್ಲ. ಆದರೆ ಯಾರ ದುಡ್ಡನ್ನೂ ಮುಟ್ಟದೆ ಬರೆಯಬಲ್ಲವರು ಯಾರು? ಮನೆಯಲ್ಲಿ ಆಸ್ತಿ ಇರುವವರು. ನಿಮ್ಮ ಮಾತನ್ನು ಹಾಗೇ ಒಪ್ಪಿದರೆ ಕೂಲಿಯವರ ಮಕ್ಕಳು ಕುಂಚ ಕೆಳಗಿಡಬೇಕಾಗುತ್ತದೆ. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತದ್ದು ನಾಲ್ವಡಿಯವರ ಕಾಲದ ಮೈಸೂರು ಸಂಸ್ಥಾನದ ನೆರವಿನಿಂದ. ಅವರ ಊಟಿಯ ಜಲವರ್ಣಗಳ ಮುಂದೆ ನಿಂತು ಮಂಜು ನೋಡಿದವರಿಗೆ ಆ ಕಣ್ಣು ಯಾರ ಹಂಗಿನದೂ ಅಲ್ಲ ಎಂಬುದು ಕಾಣುತ್ತದೆ. ರಾಜರ ಕಾಲದಲ್ಲಿ ಅದು ಅನುಗ್ರಹ. ಈಗ ಸರ್ಕಾರ ಕೊಡುವುದು ನೀವು, ನಾನು, ಮಂಡ್ಯದ ರೈತರು ಕಟ್ಟಿದ ತೆರಿಗೆ. ಕೈಮುಗಿದು ಪಡೆಯುವ ಅಗತ್ಯವಿಲ್ಲ, ಲೆಕ್ಕ ಒಪ್ಪಿಸಿ ಪಡೆದರೆ ಸಾಕು. ಕೊಟ್ಟವರನ್ನು ಎದುರಿಸಲೂ ಕಲಾವಿದರಿಗೆ ಗೊತ್ತು. 2016ರಲ್ಲಿ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿಯವರ ಉಸ್ತುವಾರಿಗೆ ಒಪ್ಪಿಸುವ ಒಪ್ಪಂದದ ವಿರುದ್ಧ ಬೀದಿಗಿಳಿದವರು ಕಲಾವಿದರೇ.

ಹಂಗು ಬರುವ ದಾರಿ ಬೇರೆ. ಅದು ಓದದೆ ಸಹಿ ಮಾಡಿದ ಕಾಗದದಲ್ಲಿ ಬರುತ್ತದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಮಾತಿದೆ: ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಚಿತ್ರ ಬರೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ, ಆ ಚಿತ್ರದ ಕೃತಿಸ್ವಾಮ್ಯ ಬರೆಸಿಕೊಂಡವರದು. ಗೋಡೆಚಿತ್ರ, ಭಾವಚಿತ್ರ ಒಪ್ಪಿಕೊಳ್ಳುವ ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ‘ಕೃತಿಸ್ವಾಮ್ಯ ಕಲಾವಿದರಲ್ಲೇ ಇರುತ್ತದೆ’ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಅದೇ ಕಾಯ್ದೆಯ 57ನೇ ಕಲಮು ಇನ್ನೊಂದು ರಕ್ಷಣೆ ಕೊಡುತ್ತದೆ. ಹಕ್ಕನ್ನು ಮಾರಿದ ಮೇಲೂ, ತನ್ನ ಹೆಸರಿಗೆ ಕುಂದು ಬರುವಂತೆ ಕೃತಿಯನ್ನು ಕೆಡಿಸಿದರೆ ಕಲಾವಿದ ಪ್ರಶ್ನಿಸಬಹುದು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ್ದಕ್ಕೆ ಶಿಲ್ಪಿ ಅಮರನಾಥ ಸೆಹಗಲ್ ಕೇಂದ್ರ ಸರ್ಕಾರದ ಮೇಲೆಯೇ ದಾವೆ ಹೂಡಿದರು. 2005ರಲ್ಲಿ ದೆಹಲಿ ಹೈಕೋರ್ಟು ಶಿಲ್ಪವನ್ನು ಅವರಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮಾಡಿಸಿಕೊಂಡದ್ದು ಸರ್ಕಾರ, ದುಡ್ಡು ಕೊಟ್ಟದ್ದು ಸರ್ಕಾರ. ಆದರೂ ಕಲಾವಿದರು ಗೆದ್ದರು.

ಪ್ರಶ್ನೆ: ನನಗೆ 46 ವರ್ಷ, ಪದವೀಧರ, ಕಲ್ಲು ಮತ್ತು ಮಣ್ಣಿನಲ್ಲಿ ಕೆಲಸ ಮಾಡುತ್ತೇನೆ. ಎಲ್ಲಿ ನೋಡಿದರೂ ಯುವ ಕಲಾವಿದರಿಗೆ ಅಂತಲೇ ಇರುತ್ತದೆ. ನಮ್ಮ ವಯಸ್ಸಿನವರಿಗೆ ಏನೂ ಇಲ್ಲವೇ? (ಶ್ರೀರಂಗಪಟ್ಟಣ)

ಉತ್ತರ: ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಹಿರಿಯ ಫೆಲೋಶಿಪ್ 40 ದಾಟಿದವರಿಗೇ ಇರುವುದು. ತಿಂಗಳಿಗೆ 20,000 ರೂಪಾಯಿ, ಎರಡು ವರ್ಷ. 25ರಿಂದ 40ರ ಒಳಗಿನವರಿಗೆ ಕಿರಿಯ ಫೆಲೋಶಿಪ್, ತಿಂಗಳಿಗೆ 10,000. ಇನ್ನೂ ಚಿಕ್ಕವರಿಗೆ, 18ರಿಂದ 25ರವರಿಗೆ, 5,000ದ ವಿದ್ಯಾರ್ಥಿವೇತನ. ದೃಶ್ಯಕಲೆಗೂ ಇದರಲ್ಲಿ ಜಾಗ ಇದೆ. ಅರ್ಜಿ ಕರೆದಾಗ ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ (ಸಿಸಿಆರ್‌ಟಿ) ಜಾಲತಾಣದಲ್ಲಿ ನೋಡಿ, ಆ ವರ್ಷದ ನಿಯಮ ಓದಿಕೊಂಡೇ ಹಾಕಿ. ಒಂದು ಎಚ್ಚರಿಕೆ: ತಿಂಗಳ ಲೆಕ್ಕ ಹೇಳಿದರೂ ದುಡ್ಡು ಬರುವುದು ಆರಾರು ತಿಂಗಳ ಕಂತಿನಲ್ಲಿ, ವರದಿ ಒಪ್ಪಿಸಿದ ಮೇಲೆ. ಕಲ್ಲು ತರಿಸಿ ಸಾಲ ಮಾಡಿಕೊಂಡು ಕಂತಿಗೆ ಕಾಯುತ್ತಾ ಕೂರಬೇಡಿ. ಮೊದಲ ಆರು ತಿಂಗಳಿಗೆ ಮಣ್ಣಿನ ಕೆಲಸ, ಕರಡು ಮಾದರಿಗಳನ್ನು ಇಟ್ಟುಕೊಂಡು, ಕಲ್ಲನ್ನು ಮುಂದಿನ ಕಂತಿಗೆ ಹೊಂದಿಸಿ.

ಪ್ರಶ್ನೆ: ನಮ್ಮ ಮಗಳು ಪಿಯುಸಿ ಮುಗಿಸಿ ಕಾವಾಗೇ ಸೇರ್ತೀನಿ ಅಂತ ಹಟ ಹಿಡಿದವಳೆ. ನಮ್ಮದು ಒಂದೆಕರೆ ಗದ್ದೆ. ಚಿತ್ರ ಬರ್ಕೊಂಡು ಹೊಟ್ಟೆ ತುಂಬ್ತದಾ ಮೇಡಂ? ನಿಜ ಹೇಳಿ. (ಮದ್ದೂರು ತಾಲ್ಲೂಕಿನ ಒಬ್ಬ ತಾಯಿ)

ಉತ್ತರ: ಅಕ್ಕಾ, ನಿಜವನ್ನೇ ಹೇಳುತ್ತೇನೆ. ಬರೀ ಚಿತ್ರ ಮಾರಿ ಬದುಕುವವರು ಕಡಿಮೆ. ಅಲ್ಲಿ ಓದಿದವರು ಜಾಹೀರಾತು, ಅನಿಮೇಷನ್, ಛಾಯಾಗ್ರಹಣ, ರಂಗಸಜ್ಜಿಕೆ, ಪುಸ್ತಕದ ಚಿತ್ರ, ಶಾಲೆಯ ಪಾಠ ಹೀಗೆ ಒಂದಲ್ಲ ಒಂದನ್ನು ಜೊತೆಗೆ ಮಾಡುತ್ತಾರೆ. ನಾನೂ ಎಷ್ಟೋ ವರ್ಷ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟೇ ಸಂಸಾರ ನಡೆಸಿದ್ದು. ಇದೇ ಕಾವಾದಲ್ಲಿ ಓದಿ, ಬರೋಡಾಕ್ಕೆ ಹೋಗಿ, ಮತ್ತೆ ಮೈಸೂರಿಗೇ ಬಂದು ಕೆಲಸ ಮಾಡುವ ಎನ್.ಎಸ್. ಹರ್ಷ ಅವರಿಗೆ 2008ರಲ್ಲಿ ಬ್ರಿಟನ್ನಿನ ಆರ್ಟೆಸ್ ಮುಂಡಿ ಪ್ರಶಸ್ತಿ ಬಂತು, 40,000 ಪೌಂಡಿನದು. ಅದು ಎಲ್ಲರಿಗೂ ಬರುವುದಲ್ಲ. ಆದರೆ ನಮ್ಮ ಊರಿನಲ್ಲೇ ಇದ್ದು ಅಷ್ಟು ದೊಡ್ಡ ಕೆಲಸ ಮಾಡಬಹುದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ.

ಹುಡುಗಿಗೆ ಹಟ ಇದೆಯಲ್ಲ, ಅದು ಅರ್ಧ ಕೆಲಸ. ಸೇರಿಸುವ ಮುಂಚೆ ಒಂದು ದಿನ ನೀವಿಬ್ಬರೂ ಮೈಸೂರಿಗೆ ಬಂದು ಕಾಲೇಜು ನೋಡಿ. 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಪರಂಪರೆಯದು ಅದು. ಹಳ್ಳಿಗಳಿಂದ ಬಂದ ಮಕ್ಕಳು ಅಲ್ಲಿ ಬಹಳ ಇದ್ದಾರೆ, ಅವರ ಜೊತೆ ಮಾತಾಡಿ. ಸರ್ಕಾರಿ ಕಾಲೇಜು, ಫೀಸಿನ ಭಾರ ಖಾಸಗಿಯಷ್ಟು ಇರುವುದಿಲ್ಲ. ಹಾಸ್ಟೆಲ್, ವಿದ್ಯಾರ್ಥಿವೇತನ ಎರಡನ್ನೂ ಸೇರುವಾಗಲೇ ವಿಚಾರಿಸಿ. ಬಣ್ಣದ ಖರ್ಚು ಮಾತ್ರ ಪ್ರತಿ ತಿಂಗಳೂ ಇರುತ್ತದೆ, ಅದಕ್ಕೆ ತಯಾರಿರಿ. ಇನ್ನೊಂದು ಮಾತು: ಯಾರಾದರೂ ‘ನಿನ್ನ ಮಗಳು ಚೆಂದ ಬರೀತಾಳೆ, ನಮ್ಮ ಫಂಕ್ಷನ್ನಿಗೆ ಒಂದು ಬರ್ಕೊಡ್ಲಿ’ ಎಂದು ಬಂದರೆ, ಎಷ್ಟು ಕೊಡುತ್ತೀರಿ ಎಂದು ನೀವೇ ಕೇಳಿ. ತಾಯಿ ಕೇಳಿದ್ದನ್ನು ನೋಡಿ ಅವಳೂ ಕೇಳುವುದನ್ನು ಕಲಿಯುತ್ತಾಳೆ.

ಪ್ರಶ್ನೆ: ಒಂದು ಸಂಸ್ಥೆಯಿಂದ ಅನುದಾನ ಬಂತು. ನಡುವೆ ತಂದೆಗೆ ಹುಷಾರು ತಪ್ಪಿ ಕೆಲಸ ಅರ್ಧಕ್ಕೇ ನಿಂತಿದೆ. ಇನ್ನು ಎರಡು ತಿಂಗಳಲ್ಲಿ ವರದಿ ಕೊಡಬೇಕು. ಅವರ ಫೋನ್ ಬಂದರೂ ತೆಗೆಯಲು ಭಯ. (ಕೆ.ಆರ್. ಪೇಟೆ)

ಉತ್ತರ: ಫೋನ್ ತೆಗೆಯಿರಿ. ಕೆಲಸ ನಿಂತದ್ದಕ್ಕಿಂತ ಕಲಾವಿದರ ಸುಳಿವೇ ಇಲ್ಲದಿರುವುದು ಅವರನ್ನು ಹೆಚ್ಚು ಕಂಗೆಡಿಸುತ್ತದೆ. ಈ ವಾರವೇ ಒಂದು ಪುಟದ ಪತ್ರ ಬರೆಯಿರಿ: ಏನಾಯಿತು, ಎಷ್ಟು ಕೆಲಸ ಮುಗಿದಿದೆ, ಎಷ್ಟು ದುಡ್ಡು ಖರ್ಚಾಗಿ ಎಷ್ಟು ಉಳಿದಿದೆ, ಇನ್ನೆಷ್ಟು ಕಾಲ ಬೇಕು. ಮುಗಿದ ಕೆಲಸದ ಫೋಟೊ ಇಡಿ, ಅರ್ಧ ಆದದ್ದನ್ನೂ ಇಡಿ. ‘ಸ್ವಲ್ಪ ಸಮಯ ಕೊಡಿ’ ಎನ್ನಬೇಡಿ; ತಾರೀಖು ನೀವೇ ಹೇಳಿ. ತಂದೆಯನ್ನು ನೋಡಿಕೊಳ್ಳುವ ಹೊತ್ತನ್ನು ಕಳೆದು, ಉಳಿಯುವ ದಿನಗಳನ್ನು ಎಣಿಸಿ ಆ ತಾರೀಖು ಹಾಕಿ. ಬಿಲ್ಲುಗಳನ್ನೆಲ್ಲ ಒಂದು ಲಕೋಟೆಗೆ ಹಾಕಿಡಿ, ಖರ್ಚಿನ ಪ್ರಮಾಣಪತ್ರಕ್ಕೆ ಬೇಕಾಗುತ್ತದೆ. ನಿಮ್ಮ ಸಂಭಾವನೆಯ ಸಾಲಿನಿಂದ ತೆಗೆದುಕೊಂಡ ಹಣವನ್ನು ಆಸ್ಪತ್ರೆಗೆ ಕಟ್ಟಿದ್ದರೆ ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ, ಆ ಸಾಲು ಇರುವುದೇ ನಿಮ್ಮ ಬದುಕು ನಡೆಯಲಿ ಎಂದು. ಸಾಮಗ್ರಿಯ ಹಣವನ್ನು ಬಳಸಿಕೊಂಡಿದ್ದರೆ ಅದನ್ನೂ ಪತ್ರದಲ್ಲಿ ಹಾಗೇ ತಿಳಿಸಿ, ಯಾವ ತಿಂಗಳು ತುಂಬಿಕೊಡುತ್ತೀರಿ ಎಂದು ಬರೆಯಿರಿ. ಕರಡು ಪತ್ರವನ್ನು ನನಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಓದಿ ತಿದ್ದಿಕೊಡುತ್ತೇನೆ.